ಕ್ಯಾಂಪಸ್ ಹೆಲ್ಪ್‌ಡೆಸ್ಕ್‌ನಿಂದ ವಿಶ್ವವಿದ್ಯಾಲಯದ ಪೂರ್ಣಾವಧಿ ಕೆಲಸಕ್ಕೆ: ಅಮೆರಿಕದಲ್ಲಿ ಓದುತ್ತಿರುವವರಿಗೆ ಕೈಪಿಡಿ

ಅಮೆರಿಕದಲ್ಲಿ ಎಂ.ಎಸ್. ಓದುತ್ತಾ ಕ್ಯಾಂಪಸ್ಸಿನ ಐಟಿ ಹೆಲ್ಪ್‌ಡೆಸ್ಕಿನಲ್ಲೋ, ಕ್ಲಾಸ್‌ರೂಮುಗಳ ಪ್ರೊಜೆಕ್ಟರ್, ಮೈಕು ನೋಡಿಕೊಳ್ಳುವ ಎವಿ ತಂಡದಲ್ಲೋ, ಕಂಪ್ಯೂಟರ್ ಲ್ಯಾಬಿನಲ್ಲೋ ವಾರಕ್ಕೆ 20 ಗಂಟೆ ದುಡಿಯುವ ಕನ್ನಡದ ಹುಡುಗ ಹುಡುಗಿಯರು ಬಹಳ ಮಂದಿ ಇದ್ದಾರೆ. ಬಾಡಿಗೆ, ದಿನಸಿಯ ಖರ್ಚು ಹುಟ್ಟಿದರೆ ಸಾಕು ಎಂದು ಆ ಕೆಲಸ ಹಿಡಿಯುತ್ತಾರೆ. ಕೊನೆಯ ಸೆಮಿಸ್ಟರಿನಲ್ಲಿ ಅದನ್ನು ರೆಸ್ಯೂಮೆಯ ಕಟ್ಟಕಡೆಗೆ ತಳ್ಳಿ, ದೊಡ್ಡ ಕಂಪನಿಗಳಿಗೆ ನೂರಾರು ಅರ್ಜಿ ಹಾಕುತ್ತಾರೆ. ತಾವು ದಿನಾ ಟಿಕೆಟ್ (ಬಳಕೆದಾರರ ದೂರಿನ ದಾಖಲೆ) ದಾಟಿಸುವ ಇಲಾಖೆಯಲ್ಲೇ ಹುದ್ದೆಯೊಂದು ಖಾಲಿಯಾಗಿ, ಭರ್ತಿಯೂ ಆದದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ವಿಶ್ವವಿದ್ಯಾಲಯಗಳ ನೇಮಕಾತಿ ಕಂಪನಿಗಳ ರೀತಿಯದಲ್ಲ. ಅಲ್ಲಿ ಎಲ್ಲವೂ ಸಮಿತಿಯ ಮೂಲಕ, ಬರಹದ ಆಧಾರದ ಮೇಲೆ, ನಿಧಾನವಾಗಿ ನಡೆಯುತ್ತದೆ. ಜಾಹೀರಾತು ಬಂದ ದಿನದಿಂದ ಆಫರ್ ಕೈಗೆ ಬರುವವರೆಗೆ ಎರಡು ಮೂರು ತಿಂಗಳು ಹಿಡಿಯುವುದು ಮಾಮೂಲು. ವೀಸಾ ಗಡುವುಗಳು ಮಾತ್ರ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಪದವಿಗೆ ಹತ್ತು ಹನ್ನೆರಡು ತಿಂಗಳು ಇರುವಾಗಲೇ ತಯಾರಿ ಶುರುವಾಗಬೇಕು.

ಯಾವ ಹುದ್ದೆಗೆ ಕಣ್ಣಿಡಬೇಕು

ಹೆಲ್ಪ್‌ಡೆಸ್ಕಿನಲ್ಲಿದ್ದವರು ಹೆಲ್ಪ್‌ಡೆಸ್ಕಿನ ಪೂರ್ಣಾವಧಿ ಹುದ್ದೆಗೇ ಅರ್ಜಿ ಹಾಕುವುದು ಸಹಜ. ಅಮೆರಿಕದ ಪ್ರಜೆಗಳಿಗೆ ಅದು ಒಳ್ಳೆಯ ಮೊದಲ ಮೆಟ್ಟಿಲು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಅದರಲ್ಲೊಂದು ತೊಡಕಿದೆ. ಎಚ್-1ಬಿ ಎಂಬ ಉದ್ಯೋಗ ವೀಸಾ ಸಿಗಬೇಕಾದರೆ ಆ ಕೆಲಸಕ್ಕೆ ನಿರ್ದಿಷ್ಟ ವಿಷಯದ ಪದವಿ ಬೇಕೇ ಬೇಕು ಎಂದು ತೋರಿಸಬೇಕು. ಬಳಕೆದಾರರಿಗೆ ನೆರವು ಕೊಡುವ ಸಪೋರ್ಟ್ ಹುದ್ದೆಗಳಿಗೆ ಬಹುಪಾಲು ಕಡೆ ಪದವಿಯೇ ಕಡ್ಡಾಯವಲ್ಲ, ಇದ್ದರೂ 'ಯಾವುದೇ ಪದವಿ' ಎಂದಿರುತ್ತದೆ. ಅಂಥ ಹುದ್ದೆಗೆ ಎಚ್-1ಬಿ ಅರ್ಜಿ ನಿಲ್ಲುವುದು ಕಷ್ಟ. ಓಪಿಟಿಯ (ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿಯ) ಅವಧಿ ಮುಗಿಯುವ ಹೊತ್ತಿಗೆ ಇದು ಗೊತ್ತಾದರೆ ತಡವಾಗಿರುತ್ತದೆ. ಜಾಹೀರಾತಿನ 'ಕನಿಷ್ಠ ಅರ್ಹತೆ' ಸಾಲನ್ನು ಮೊದಲ ದಿನವೇ ಈ ಕಣ್ಣಿನಿಂದ ಓದಿ.

ಒಂದು ಮೆಟ್ಟಿಲು ಮೇಲಿನ ಹುದ್ದೆಗಳು ಇಲ್ಲಿವೆ. ಕ್ಯಾನ್ವಾಸ್, ಬ್ಲ್ಯಾಕ್‌ಬೋರ್ಡ್, ಮೂಡಲ್, ಬ್ರೈಟ್‌ಸ್ಪೇಸ್‌ನಂಥ ಎಲ್‌ಎಂಎಸ್ (ಪಾಠ, ಅಂಕಗಳನ್ನು ಆನ್‌ಲೈನಿನಲ್ಲಿ ನಡೆಸುವ ತಂತ್ರಾಂಶ) ಸಂಬಂಧದ ಟಿಕೆಟ್ ಬಿಡಿಸಿದವರು ಎಲ್‌ಎಂಎಸ್ ಅಡ್ಮಿನಿಸ್ಟ್ರೇಟರ್ ಹುದ್ದೆ ನೋಡಬಹುದು. ಲ್ಯಾಬಿನ ಯಂತ್ರಗಳಿಗೆ ಇಮೇಜ್ (ತಂತ್ರಾಂಶಗಳ ಸಿದ್ಧ ಪ್ರತಿ) ಹಾಕಿದವರು, ಯಂತ್ರಗಳನ್ನು ದೂರದಿಂದಲೇ ನಿರ್ವಹಿಸುವ ಜಾಮ್ಫ್ ಅಥವಾ ಇಂಟ್ಯೂನ್ ಮುಟ್ಟಿದವರು ಎಂಡ್‌ಪಾಯಿಂಟ್ ಅಥವಾ ಸಿಸ್ಟಮ್ಸ್ ಅಡ್ಮಿನಿಸ್ಟ್ರೇಟರ್ ಆಗಬಹುದು. ಪಾಸ್‌ವರ್ಡ್, ಡುಯೋ (ಎರಡು ಹಂತದ ಲಾಗಿನ್), ಖಾತೆ ತೆರೆಯುವ ಕೆಲಸ ಮಾಡಿದವರಿಗೆ ಐಡೆಂಟಿಟಿ ತಂಡ ಹತ್ತಿರ. ನೋಂದಣಿ, ಶುಲ್ಕ, ಅಂಕಪಟ್ಟಿಯ ತಂತ್ರಾಂಶಗಳಾದ ಬ್ಯಾನರ್, ಪೀಪಲ್‌ಸಾಫ್ಟ್, ವರ್ಕ್‌ಡೇಯ ಒಳಹೊರಗು ತಿಳಿದವರಿಗೆ ಬಿಸಿನೆಸ್ ಸಿಸ್ಟಮ್ಸ್ ಅನಲಿಸ್ಟ್ ಹುದ್ದೆಗಳಿವೆ. ಎಸ್‌ಕ್ಯೂಎಲ್, ಪೈಥಾನ್ ಚೆನ್ನಾಗಿದ್ದರೆ ಇನ್‌ಸ್ಟಿಟ್ಯೂಷನಲ್ ರಿಸರ್ಚ್ ಕಚೇರಿಯನ್ನು ಮರೆಯಬೇಡಿ. ದಾಖಲಾತಿ, ತೇರ್ಗಡೆ, ಬಿಟ್ಟುಹೋದವರ ಲೆಕ್ಕವೆಲ್ಲ ಅಲ್ಲಿಯದು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಆ ಕಡೆ ತಲೆ ಹಾಕುವುದು ಕಮ್ಮಿ, ಹಾಗಾಗಿ ಪೈಪೋಟಿಯೂ ಕಮ್ಮಿ ಎಂದು ನಮ್ಮ ಅಂದಾಜು. ಇನ್‌ಸ್ಟ್ರಕ್ಷನಲ್ ಡಿಸೈನರ್ ಹುದ್ದೆಗೆ ಸಾಮಾನ್ಯವಾಗಿ ಶಿಕ್ಷಣ ವಿಷಯದ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಬರೀ ಐಟಿ ಪದವಿ ಇದ್ದವರು ಅದಕ್ಕಿಂತ ಇನ್‌ಸ್ಟ್ರಕ್ಷನಲ್ ಟೆಕ್ನಾಲಜಿಸ್ಟ್ ಎಂಬ ಹೆಸರಿನವನ್ನು ಹುಡುಕುವುದು ಮೇಲು.

ಇದಕ್ಕೆಲ್ಲ ದೊಡ್ಡ ಕಾರಣವೊಂದಿದೆ. ಕಂಪನಿಗಳಿಗೆ ಎಚ್-1ಬಿ ಲಾಟರಿಯಲ್ಲಿ ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಮಾಡಿದವರಿಗೆ ಮತ್ತೆ 20,000 ಎಂಬ ಮಿತಿ ಇದೆ. ಸರ್ಕಾರಿ ಅಥವಾ ಲಾಭರಹಿತ ವಿಶ್ವವಿದ್ಯಾಲಯಗಳಿಗೆ ಆ ಮಿತಿಯಿಲ್ಲ, ಲಾಟರಿಯೂ ಇಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಲಾಭಕ್ಕಾಗಿ ನಡೆಯುವ ಖಾಸಗಿ ವಿಶ್ವವಿದ್ಯಾಲಯಗಳಿಗೆ ಈ ವಿನಾಯಿತಿ ಸಿಗುವುದಿಲ್ಲ. ಶಾಲಾ ಡಿಸ್ಟ್ರಿಕ್ಟುಗಳಿಗೂ ತಾನಾಗಿ ಸಿಗುವುದಿಲ್ಲ. ಇನ್ನೊಂದು ಮಾತು: ಲಾಟರಿ ಇಲ್ಲದೆ ಪಡೆದ ಎಚ್-1ಬಿ ಹಿಡಿದುಕೊಂಡು ನಾಳೆ ಕಂಪನಿಗೆ ಹಾರಲಾಗದು. ಆಗ ಲಾಟರಿಗೆ ನಿಲ್ಲಲೇಬೇಕು.

ಈಗಿಂದಲೇ ಬರೆದಿಡಿ

ಪದವಿ ಮುಗಿದ ಕೆಲವೇ ದಿನಗಳಲ್ಲಿ ನಿಮ್ಮ ಸಿಬ್ಬಂದಿ ಖಾತೆ ಮುಚ್ಚುತ್ತದೆ. ಸರ್ವಿಸ್‌ನೌ ಇರಲಿ, ಟೀಮ್‌ಡೈನಮಿಕ್ಸ್ ಇರಲಿ, ಅದರಲ್ಲಿನ ನಿಮ್ಮ ಎರಡು ವರ್ಷದ ಟಿಕೆಟುಗಳು ಮತ್ತೆ ಕಣ್ಣಿಗೆ ಬೀಳವು. ಆಮೇಲೆ ರೆಸ್ಯೂಮೆ ಬರೆಯಲು ಕೂತರೆ 'ಬಳಕೆದಾರರ ಸಮಸ್ಯೆ ಪರಿಹರಿಸಿದೆ' ಎಂಬ ಒಣ ಸಾಲು ಬಿಟ್ಟು ಏನೂ ಹೊಳೆಯುವುದಿಲ್ಲ.

ಪ್ರತಿ ಶುಕ್ರವಾರ ಶಿಫ್ಟ್ ಮುಗಿದ ಮೇಲೆ ಹತ್ತು ನಿಮಿಷ ಕೊಡಿ. ನಿಮ್ಮದೇ ಖಾತೆಯ ಒಂದು ಸ್ಪ್ರೆಡ್‌ಶೀಟ್ ಸಾಕು. ಈ ವಾರ ಎಷ್ಟು ಟಿಕೆಟ್ ಮುಗಿಸಿದಿರಿ, ಯಾವ ತಂತ್ರಾಂಶ ಮುಟ್ಟಿದಿರಿ, ಮೇಲಿನ ತಂಡಕ್ಕೆ ದಾಟಿಸದೆ ನೀವೇ ಬಿಡಿಸಿದ ಒಂದು ಗಟ್ಟಿ ಸಮಸ್ಯೆ ಯಾವುದು, ಯಾರಿಗಾದರೂ ಕಲಿಸಿದಿರಾ, ನಾಲೆಜ್ ಬೇಸ್‌ಗೆ (ಸಹಾಯ ಲೇಖನಗಳ ಸಂಗ್ರಹಕ್ಕೆ) ಲೇಖನ ಬರೆದಿರಾ, ಇಷ್ಟೇ. ಹೆಸರು, ವಿದ್ಯಾರ್ಥಿ ಸಂಖ್ಯೆ, ಸ್ಕ್ರೀನ್‌ಶಾಟ್, ಟಿಕೆಟ್ಟಿನ ಮೂಲ ಪಠ್ಯ ಯಾವುದನ್ನೂ ನಕಲು ಮಾಡಬೇಡಿ. 1974ರ ಫೆರ್ಪಾ ಕಾನೂನು ವಿದ್ಯಾರ್ಥಿ ದಾಖಲೆಗಳನ್ನು ಕಾಯುತ್ತದೆ, ಅವನ್ನು ಮನೆಗೆ ಒಯ್ದವರನ್ನು ಯಾವ ವಿಶ್ವವಿದ್ಯಾಲಯವೂ ಕೆಲಸಕ್ಕೆ ತೆಗೆದುಕೊಳ್ಳದು. ಅದೇ ಫೆರ್ಪಾದ ತರಬೇತಿ ಮುಗಿಸಿದ್ದೀರಿ ಎಂಬುದು ರೆಸ್ಯೂಮೆಯಲ್ಲಿ ಒಂದು ಸಾಲಿಗೆ ಯೋಗ್ಯ. ಹೊರಗಿನ ಅಭ್ಯರ್ಥಿಯ ಹತ್ತಿರ ಅದಿರುವುದಿಲ್ಲ.

ಗಂಟೆಗಳ ಲೆಕ್ಕವನ್ನೂ ಇಡಿ. ಎಷ್ಟೋ ವಿಶ್ವವಿದ್ಯಾಲಯಗಳ ಎಚ್‌ಆರ್ ವಿದ್ಯಾರ್ಥಿ ಕೆಲಸವನ್ನು ಅನುಭವವೆಂದು ಒಪ್ಪುತ್ತದೆ, ಆದರೆ ಗಂಟೆಗೆ ತಕ್ಕಂತೆ. ಪೂರ್ಣಾವಧಿಯ ಒಂದು ವರ್ಷವೆಂದರೆ 2,080 ಗಂಟೆ. ವರ್ಷಕ್ಕೆ 32 ವಾರ ತರಗತಿ ಎಂದಿಟ್ಟುಕೊಂಡರೆ ಎರಡು ವರ್ಷಕ್ಕೆ 1,280 ಗಂಟೆ, ನಡುವಿನ ಬೇಸಿಗೆಯಲ್ಲಿ 12 ವಾರ 40 ಗಂಟೆಯಂತೆ ದುಡಿದರೆ 480, ಒಟ್ಟು 1,760. ಅಂದರೆ ಸುಮಾರು ಹತ್ತು ತಿಂಗಳ ಪೂರ್ಣಾವಧಿ ಅನುಭವ. 'ಎರಡು ವರ್ಷದ ಅನುಭವ' ಎಂದು ಮಾತ್ರ ಬರೆದರೆ ಎಚ್‌ಆರ್ ತಾನೇ ಅರ್ಧ ಕತ್ತರಿಸುತ್ತದೆ, ಕೆಲವೊಮ್ಮೆ ಸೊನ್ನೆಯನ್ನೇ ಮಾಡುತ್ತದೆ. ವಾರಕ್ಕೆ ಎಷ್ಟು ಗಂಟೆ ಎಂದು ನೀವೇ ನಮೂದಿಸಿ. ಕನಿಷ್ಠ ಅರ್ಹತೆ 'ಒಂದು ವರ್ಷ' ಎಂದಿದ್ದಾಗ ಅದರ ಹತ್ತಿರಕ್ಕೆ ಒಯ್ಯುವುದು ಈ ಬೇಸಿಗೆಯ ಗಂಟೆಗಳೇ. ಆದ್ದರಿಂದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಸಿಗದಿದ್ದರೆ ಊರಿಗೆ ಹೋಗುವ ಬದಲು ಪೂರ್ಣಾವಧಿ ಶಿಫ್ಟ್ ಕೇಳಿ. ಆರೋಗ್ಯ ವಿಮೆಯ ನಿಯಮಗಳ ಕಾರಣಕ್ಕೆ ಕೆಲವು ಕ್ಯಾಂಪಸ್‌ಗಳು ಬೇಸಿಗೆಯಲ್ಲೂ 40 ಗಂಟೆ ಕೊಡುವುದಿಲ್ಲ. ಮೊದಲೇ ವಿಚಾರಿಸಿ.

ಬರೆದಿಟ್ಟದ್ದು ಹೇಗೆ ಉಪಯೋಗಕ್ಕೆ ಬರುತ್ತದೆ ನೋಡಿ. 'ಅಧ್ಯಾಪಕರಿಗೆ ಕ್ಯಾನ್ವಾಸ್ ಬಳಸಲು ಸಹಾಯ' ಎಂಬುದು ಯಾರೂ ಅಂಕ ಕೊಡದ ಸಾಲು. 'ಸೆಮಿಸ್ಟರಿನ ಮೊದಲ ಎರಡು ವಾರ ದಿನಕ್ಕೆ 15 ಕ್ಯಾನ್ವಾಸ್ ಟಿಕೆಟ್. ಗ್ರೇಡ್‌ಬುಕ್ ತೂಕದ ತಪ್ಪುಗಳೇ ಮತ್ತೆ ಮತ್ತೆ ಬರುತ್ತಿದ್ದುದರಿಂದ ಅದಕ್ಕೊಂದು ನಾಲೆಜ್ ಬೇಸ್ ಲೇಖನ ಬರೆದೆ. ಮುಂದಿನ ಸೆಮಿಸ್ಟರಿನಲ್ಲಿ ಆ ಬಗೆಯ ಟಿಕೆಟ್ ಇಳಿಯಿತು' ಎಂಬುದಕ್ಕೆ ಅಂಕ ಬೀಳುತ್ತದೆ. ಸಂಖ್ಯೆ ನಿಮ್ಮದೇ ದಾಖಲೆಯದಾಗಿರಲಿ. ಸಂದರ್ಶನದಲ್ಲಿ ಅದರ ಬಗ್ಗೆಯೇ ಕೆದಕುತ್ತಾರೆ.

ಕೈಯಲ್ಲಿರುವ ಕೆಲಸವನ್ನೇ ಮೇಲಕ್ಕೆ ಎಳೆಯುವುದು

ಎರಡನೇ ಸೆಮಿಸ್ಟರಿನ ಹೊತ್ತಿಗೆ ಸೂಪರ್‌ವೈಸರ್ ಹತ್ತಿರ ಹೋಗಿ ಒಂದು ನಿರ್ದಿಷ್ಟ ಕೆಲಸ ಕೇಳಿ. 'ಇನ್ನೇನಾದರೂ ಕಲಿಸಿ' ಎಂದರೆ ಅವರಿಗೂ ಏನು ಕೊಡಬೇಕೆಂದು ತೋಚದು. ಬದಲಿಗೆ ಕೇಳಬಹುದಾದವು: ಸೆಮಿಸ್ಟರ್ ಆರಂಭಕ್ಕೆ ಲ್ಯಾಬ್ ಇಮೇಜ್ ಪರೀಕ್ಷಿಸುವ ಜವಾಬ್ದಾರಿ, ಹೊಸ ವಿದ್ಯಾರ್ಥಿ ಸಿಬ್ಬಂದಿಗೆ ತರಬೇತಿ ಕೊಡುವುದು, ಟಿಕೆಟ್ ದತ್ತಾಂಶದಿಂದ ತಿಂಗಳ ವರದಿ ತಯಾರಿಸುವುದು, ವಾರದಲ್ಲಿ ಎರಡು ಗಂಟೆ ಎಲ್‌ಎಂಎಸ್ ಅಥವಾ ನೆಟ್‌ವರ್ಕ್ ತಂಡದ ಪಕ್ಕ ಕೂತು ನೋಡುವುದು. ತಿಂಗಳ ವರದಿಯೇ ನಮ್ಮ ಮೊದಲ ಆಯ್ಕೆ. ಎಸ್‌ಕ್ಯೂಎಲ್, ಪವರ್ ಬಿಐ ಕಲಿತದ್ದಕ್ಕೆ ಪುರಾವೆಯಾಗುತ್ತದೆ, ನಿರ್ದೇಶಕರ ಮೇಜಿಗೂ ನಿಮ್ಮ ಹೆಸರು ತಲುಪುತ್ತದೆ.

ಈಗ ಬೇಡಿಕೆ ಏರಿರುವ ಇನ್ನೊಂದು ಕೆಲಸ ಆಕ್ಸೆಸಿಬಿಲಿಟಿ, ಅಂದರೆ ಅಂಗವಿಕಲರೂ ಬಳಸುವಂತೆ ಮಾಡುವುದು. ಸರ್ಕಾರಿ ವಿಶ್ವವಿದ್ಯಾಲಯಗಳ ವೆಬ್‌ಸೈಟು, ಕೋರ್ಸಿನ ಡಿಜಿಟಲ್ ಸಾಮಗ್ರಿ ಎಲ್ಲವೂ ಡಬ್ಲ್ಯುಸಿಎಜಿ 2.1 ಎಂಬ ಮಾನದಂಡದ ಎಎ ಮಟ್ಟಕ್ಕೆ ಬರಬೇಕು ಎಂದು ಅಮೆರಿಕದ ನ್ಯಾಯ ಇಲಾಖೆ 2024ರಲ್ಲಿ ನಿಯಮ ಮಾಡಿತು. ಪಿಡಿಎಫ್‌ಗೆ ಟ್ಯಾಗ್ ಹಾಕುವುದು, ವೀಡಿಯೊ ಕ್ಯಾಪ್ಷನ್ ತಿದ್ದುವುದು, ಎನ್‌ವಿಡಿಎ ಸ್ಕ್ರೀನ್ ರೀಡರಿನಲ್ಲಿ ಪುಟ ಓದಿಸಿ ನೋಡುವುದು ಇವನ್ನೆಲ್ಲ ಕಲಿಯಲು ದುಡ್ಡು ಬೇಕಿಲ್ಲ. ಎನ್‌ವಿಡಿಎ ಉಚಿತ.

ಸರ್ಟಿಫಿಕೇಟುಗಳಿಗೆ ಸುಮ್ಮನೆ ಹಣ ಸುರಿಯಬೇಡಿ. ಎರಡು ವರ್ಷ ಹೆಲ್ಪ್‌ಡೆಸ್ಕಿನಲ್ಲಿದ್ದು ಎಂ.ಎಸ್. ಮಾಡಿದವರಿಗೆ ಕಾಂಪ್‌ಟಿಯಾ ಎ ಪ್ಲಸ್ ಹೊಸದಾಗಿ ಏನನ್ನೂ ಕೊಡದು, ಮೇಲಾಗಿ ಎರಡು ಪರೀಕ್ಷೆಗಳ ಶುಲ್ಕ ಕಟ್ಟಬೇಕು. ಐಟಿ ಸೇವೆಗಳ ನಿರ್ವಹಣೆ ಕುರಿತ ಐಟಿಐಎಲ್ 4 ಫೌಂಡೇಶನ್ ಉಪಯೋಗಕ್ಕೆ ಬರುತ್ತದೆ: 60 ನಿಮಿಷ, 40 ಪ್ರಶ್ನೆ, ತೇರ್ಗಡೆಗೆ 26 ಸರಿ ಉತ್ತರ. ಕ್ಯಾಂಪಸ್ ಐಟಿಗಳಲ್ಲಿ ಆಡುವ ಇನ್ಸಿಡೆಂಟ್, ಪ್ರಾಬ್ಲಮ್, ಚೇಂಜ್ ಎಂಬ ಮಾತೆಲ್ಲ ಅದರಿಂದಲೇ ಬಂದದ್ದು. ಎವಿ ಕಡೆಗೆ ಹೋಗುವವರಿಗೆ ಅವಿಕ್ಸಾ ಸಂಸ್ಥೆಯ ಸಿಟಿಎಸ್‌ಗೆ ನಿಜವಾದ ಬೆಲೆಯಿದೆ. ನಿಮ್ಮ ವಿಶ್ವವಿದ್ಯಾಲಯ ಉನ್ನತ ಶಿಕ್ಷಣದ ಐಟಿ ಸಂಘಟನೆಯಾದ ಎಜುಕಾಸ್‌ನ ಸದಸ್ಯನಾಗಿದ್ದರೆ ಅಲ್ಲಿನ ವಿದ್ಯಾರ್ಥಿಗಳೂ ಅದರ ಸಂಪನ್ಮೂಲ ಬಳಸಬಹುದು. ಉಚಿತ ಪ್ರೊಫೈಲ್ ತೆರೆದುಕೊಳ್ಳಿ.

ಅರ್ಜಿ, ಸಮಿತಿ, ಸಂದರ್ಶನ

ವಿದ್ಯಾರ್ಥಿ ಕೆಲಸ ಹುಡುಕಿದ ಹ್ಯಾಂಡ್‌ಶೇಕ್ ಒಂದನ್ನೇ ನಂಬಿ ಕೂರಬೇಡಿ. ಹೈಯರ್‌ಎಡ್‌ಜಾಬ್ಸ್, ಇನ್‌ಸೈಡ್ ಹೈಯರ್ ಎಡ್, ಕ್ರಾನಿಕಲ್ ಆಫ್ ಹೈಯರ್ ಎಜುಕೇಶನ್, ಎಜುಕಾಸ್‌ನ ಕರಿಯರ್ ಸೆಂಟರ್ ಇವುಗಳಲ್ಲಿ ಇಮೇಲ್ ಅಲರ್ಟ್ ಇಡಿ. ಜೊತೆಗೆ ನಿಮಗೆ ಹೊಂದುವ ಹತ್ತು ಹದಿನೈದು ವಿಶ್ವವಿದ್ಯಾಲಯಗಳ ಎಚ್‌ಆರ್ ಪುಟಗಳಲ್ಲಿ ನೇರವಾಗಿ ಅಲರ್ಟ್ ಹಾಕಿ. ಸಣ್ಣ ಕಾಲೇಜುಗಳು ಹೊರಗೆ ಜಾಹೀರಾತು ಕೊಡದೆ ತಮ್ಮ ಪುಟದಲ್ಲಷ್ಟೇ ಹಾಕುವುದುಂಟು. ಹಲವು ರಾಜ್ಯಗಳಲ್ಲಿ, ಹಲವು ಕಾಲೇಜುಗಳಲ್ಲಿ ಹಣಕಾಸು ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಹೊಸ ಹುದ್ದೆಗಳು ವಸಂತದಿಂದ ಬೇಸಿಗೆಯ ನಡುವೆ ಹೆಚ್ಚು ಬರುತ್ತವೆ. ಬಜೆಟ್ ಕಷ್ಟವಿರುವ ವರ್ಷ ಅದೇ ಹೊತ್ತಿಗೆ ನೇಮಕಾತಿ ತಡೆಯೂ ಬೀಳುತ್ತದೆ. ಒಂದೇ ರಾಜ್ಯವನ್ನು ನೆಚ್ಚಿಕೊಳ್ಳಬಾರದು ಎನ್ನುವುದು ಇದಕ್ಕೆ.

ಅರ್ಜಿಯನ್ನು ಮೊದಲು ಓದುವುದು ಎಚ್‌ಆರ್. ಅವರ ಕೈಯಲ್ಲಿ ಕನಿಷ್ಠ ಅರ್ಹತೆಯ ಪಟ್ಟಿ ಇರುತ್ತದೆ. ಒಂದೇ ಒಂದು ಅಂಶ ನಿಮ್ಮ ಕಾಗದದಲ್ಲಿ ಕಾಣದಿದ್ದರೂ ಅರ್ಜಿ ಸಮಿತಿಯವರೆಗೆ ಹೋಗುವುದಿಲ್ಲ, ನಿಮಗೆ ಆ ವಿದ್ಯೆ ಎಷ್ಟೇ ಗೊತ್ತಿರಲಿ. ಆಮೇಲೆ ಸಮಿತಿಯವರು ಅಪೇಕ್ಷಿತ ಅರ್ಹತೆಗಳಿಗೆ ಒಂದೊಂದಾಗಿ ಅಂಕ ಹಾಕುತ್ತಾರೆ. ಕವರ್ ಲೆಟರ್ ಇಲ್ಲಿ ಬರೀ ಶಿಷ್ಟಾಚಾರದ ಕಾಗದವಲ್ಲ. ಜಾಹೀರಾತಿನ ಅರ್ಹತೆಗಳನ್ನು ಅದೇ ಕ್ರಮದಲ್ಲಿ, ಅವರದೇ ಪದಗಳಲ್ಲಿ ಎತ್ತಿಕೊಂಡು, ಪ್ರತಿಯೊಂದಕ್ಕೂ ಎರಡು ಮೂರು ಸಾಲಿನ ಉದಾಹರಣೆ ಕೊಡಿ. ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಕಂಪನಿಗೆ ಕಳಿಸಿದ ಒಂದು ಪುಟದ ರೆಸ್ಯೂಮೆಯನ್ನೇ ಇಲ್ಲಿಗೂ ಕಳಿಸುವುದು ಎಲ್ಲರೂ ಮಾಡುವ ತಪ್ಪು. ವಿಶ್ವವಿದ್ಯಾಲಯಕ್ಕೆ ಎರಡು ಪುಟವಾದರೂ ಅಡ್ಡಿಯಿಲ್ಲ, ವಿವರ ಇರಬೇಕು. ಸಂಬಳ ಕಂಪನಿಗಳಿಗಿಂತ ಕಮ್ಮಿ ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ. ಅನೇಕ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಸಂಬಳಗಳು ಸಾರ್ವಜನಿಕ ದಾಖಲೆ, ಹುಡುಕಿದರೆ ಆ ಹುದ್ದೆಯ ಅಂದಾಜು ಸಿಗುತ್ತದೆ.

ಮೊದಲ ಸುತ್ತು ಝೂಮ್‌ನಲ್ಲಿ 30ರಿಂದ 45 ನಿಮಿಷ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳು, ಸಮಿತಿಯವರು ಸರದಿಯಂತೆ ಓದುತ್ತಾರೆ. ಮುಖದಲ್ಲಿ ನಗುವಿಲ್ಲ, ಮಾತಿಗೆ ಮಾತು ಬೆಳೆಯುವುದಿಲ್ಲ. ಹಾಗೆಂದು ಎದೆಗುಂದಬೇಡಿ, ನಿಯಮವೇ ಹಾಗಿದೆ. ಸಿಟ್ಟಾದ ಪ್ರೊಫೆಸರನ್ನು ಹೇಗೆ ನಿಭಾಯಿಸಿದಿರಿ, ತರಗತಿ ಶುರುವಾಗಲು ಐದು ನಿಮಿಷವಿರುವಾಗ ಪ್ರೊಜೆಕ್ಟರ್ ಕೈಕೊಟ್ಟರೆ ಮೊದಲು ಏನು ಮಾಡುತ್ತೀರಿ, ತಂತ್ರಜ್ಞಾನ ಗೊತ್ತಿಲ್ಲದವರಿಗೆ ಎರಡು ಹಂತದ ಲಾಗಿನ್ ಹೇಗೆ ವಿವರಿಸುತ್ತೀರಿ, ಇಂಥವು ಖಂಡಿತ ಬರುತ್ತವೆ. ಎರಡನೆಯದಕ್ಕೆ ಕೇಬಲ್, ಇನ್‌ಪುಟ್ ಎಂದು ದೋಷ ಹುಡುಕುವ ಕ್ರಮ ಹೇಳಲು ಹೊರಟವರು ಅಂಕ ಕಳೆದುಕೊಳ್ಳುತ್ತಾರೆ. ಮೊದಲು ಪಾಠ ನಡೆಯುವಂತೆ ಮಾಡುವುದು, ಅಂದರೆ ಬದಲಿ ಲ್ಯಾಪ್‌ಟಾಪೋ ಪಕ್ಕದ ಕೋಣೆಯೋ ಕೊಡಿಸಿ ದುರಸ್ತಿ ಆಮೇಲೆ ನೋಡುವುದು, ಅವರು ಕಾಯುತ್ತಿರುವ ಉತ್ತರ. ಎರಡನೇ ಸುತ್ತು ಅರ್ಧ ದಿನವೋ ಇಡೀ ದಿನವೋ ಇರುತ್ತದೆ, 10ರಿಂದ 20 ನಿಮಿಷದ ಪ್ರಸ್ತುತಿಯೂ ಬರಬಹುದು.

ಸಾಮಾನ್ಯವಾಗಿ ಮೂವರು ರೆಫರೆನ್ಸ್ ಬೇಕು. ಅವರಲ್ಲಿ ಒಬ್ಬರಾದರೂ ನಿಮ್ಮ ಕೆಲಸ ನೋಡಿದ ಪೂರ್ಣಾವಧಿ ಸಿಬ್ಬಂದಿಯಾಗಿರಲಿ. ವಿದ್ಯಾರ್ಥಿ ಲೀಡ್‌ಗಳ ಮಾತಿಗೆ ಸಮಿತಿ ತೂಕ ಕೊಡುವುದಿಲ್ಲ. ವಿದ್ಯಾರ್ಥಿಯಾಗಿರುವ ಕಾರಣಕ್ಕೇ ಸಿಕ್ಕ ಕ್ಯಾಂಪಸ್ ಕೆಲಸದ ದಾಖಲೆಗಳೂ ಫೆರ್ಪಾದ ಪ್ರಕಾರ ಶೈಕ್ಷಣಿಕ ದಾಖಲೆಗಳೇ. ಆದ್ದರಿಂದ ಸೂಪರ್‌ವೈಸರ್ ಆ ದಾಖಲೆಯಲ್ಲಿರುವ ವಿಷಯ ಹೇಳಲು ನಿಮ್ಮ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮೊದಲೇ ಕೊಟ್ಟಿಡಿ. ಇಲ್ಲದಿದ್ದರೆ ಫೋನ್ ಬಂದಾಗ ಅವರು ತಡವರಿಸುತ್ತಾರೆ, ಆ ಕಡೆಯವರಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ.

ವೀಸಾ ಲೆಕ್ಕ

ಐ-20ಯಲ್ಲಿ (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪತ್ರದಲ್ಲಿ) ಕೋರ್ಸ್ ಮುಗಿಯುವ ದಿನ 2027ರ ಮೇ 15 ಎಂದಿಟ್ಟುಕೊಳ್ಳಿ. ಓಪಿಟಿಯ ಐ-765 ಅರ್ಜಿಯನ್ನು 90 ದಿನ ಮೊದಲಿನಿಂದ, ಅಂದರೆ ಫೆಬ್ರವರಿ 14ರಿಂದ ಹಾಕಬಹುದು. ಕೊನೆಯ ದಿನ 60 ದಿನದ ನಂತರದ ಜುಲೈ 14. ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ವಿಶ್ವವಿದ್ಯಾಲಯದ ಅಧಿಕಾರಿ) ಸರ್ಕಾರದ ಸೆವಿಸ್ ವ್ಯವಸ್ಥೆಯಲ್ಲಿ ಶಿಫಾರಸು ಮಾಡಿದ 30 ದಿನದೊಳಗೆ ಅರ್ಜಿ ತಲುಪದಿದ್ದರೆ ತಿರಸ್ಕಾರವಾಗುತ್ತದೆ. ಓಪಿಟಿ ಶುರುವಾಗುವ ದಿನವನ್ನು ಮೇ 16ರಿಂದ ಜುಲೈ 14ರ ನಡುವೆ ನೀವೇ ಆರಿಸಬೇಕು. ಶುರುವಾದ ಮೇಲೆ ಕೆಲಸವಿಲ್ಲದೆ ಒಟ್ಟು 90 ದಿನ ಮಾತ್ರ ಇರಬಹುದು. ವಿಶ್ವವಿದ್ಯಾಲಯದ ಕೆಲಸವನ್ನೇ ನೆಚ್ಚಿಕೊಂಡವರು ಜುಲೈ ಕಡೆಗೆ ದಿನ ಆರಿಸುವುದು ಜಾಣತನ, ಏಕೆಂದರೆ ಆ ಸಮಿತಿಗಳ ವೇಗ ನಿಮಗೆ ಗೊತ್ತೇ ಇದೆ. ಕೆಲಸ ನಿಮ್ಮ ಓದಿನ ವಿಷಯಕ್ಕೆ ನೇರ ಸಂಬಂಧಪಟ್ಟಿರಬೇಕು, ವಾರಕ್ಕೆ ಕನಿಷ್ಠ 20 ಗಂಟೆ ಇರಬೇಕು.

ಎಲ್ಲರೂ ಎಡವುವ ಜಾಗವೊಂದಿದೆ. ಮೇ 15ಕ್ಕೆ ನಿಮ್ಮ ವಿದ್ಯಾರ್ಥಿ ಕೆಲಸದ ಅನುಮತಿ ಮುಗಿಯಿತು. ಪೇರೋಲ್‌ನಲ್ಲಿ ಹೆಸರು ತಿಂಗಳ ಕೊನೆಯವರೆಗೂ ಇರಬಹುದು, ಸೂಪರ್‌ವೈಸರ್ 'ಜೂನ್ ತನಕ ಬಾ' ಎಂದು ಪ್ರೀತಿಯಿಂದಲೇ ಕರೆಯಬಹುದು. ಇಎಡಿ ಎಂಬ ಕೆಲಸದ ಅನುಮತಿ ಕಾರ್ಡಿನ ಶುರುವಿನ ದಿನಕ್ಕೆ ಮೊದಲು ಒಂದು ಶಿಫ್ಟ್ ಕೂತರೂ ಅದು ಅನಧಿಕೃತ ಕೆಲಸ. ಸಂಬಳ ಪಡೆಯುತ್ತಿದ್ದ ಅದೇ ಕೆಲಸವನ್ನು ಪುಕ್ಕಟೆ ಮಾಡಿದರೂ ತಪ್ಪಿಸಿಕೊಳ್ಳಲಾಗದು.

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಓಪಿಟಿಯ ಎಸ್‌ಟಿಇಎಂ ವಿಸ್ತರಣೆ ಮತ್ತೆ 24 ತಿಂಗಳು. ಅದಕ್ಕೆ ಉದ್ಯೋಗದಾತರು ಕೆಲಸದ ಅರ್ಹತೆ ಪರಿಶೀಲಿಸುವ ಸರ್ಕಾರದ ಇ-ವೆರಿಫೈನಲ್ಲಿ ಇರಬೇಕು, ಐ-983 ತರಬೇತಿ ಯೋಜನೆಗೆ ಸಹಿ ಹಾಕಬೇಕು. ಎಲ್ಲ ವಿಶ್ವವಿದ್ಯಾಲಯಗಳೂ ಇ-ವೆರಿಫೈನಲ್ಲಿಲ್ಲ. ಆಫರ್ ಬಂದಾಗ ಎಚ್‌ಆರ್‌ಗೆ ಬರಹದಲ್ಲಿ ಮೂರು ಪ್ರಶ್ನೆ ಕೇಳಿ: ಇ-ವೆರಿಫೈ ಇದೆಯೇ? ಈ ಹುದ್ದೆಗೆ ಎಚ್-1ಬಿ ಹಾಕುತ್ತೀರಾ? ಬೋಧಕೇತರ ಸಿಬ್ಬಂದಿಗೆ ಗ್ರೀನ್ ಕಾರ್ಡ್ ಪ್ರಾಯೋಜನೆ ಇದೆಯೇ? ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಅಪರೂಪವಲ್ಲ. ಎಚ್-1ಬಿಯ ಆರು ವರ್ಷದ ಮಿತಿ ಭಾರತೀಯರಿಗೆ ಬಿಸಿ ಮುಟ್ಟಿಸುವುದು ಆಗಲೇ. 2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆ ಹೊಸ ಎಚ್-1ಬಿ ಅರ್ಜಿಗಳಿಗೆ ಹೇರಿದ 1,00,000 ಡಾಲರ್ ಶುಲ್ಕಕ್ಕೆ ವಿಶ್ವವಿದ್ಯಾಲಯಗಳೂ ಹೊರತಲ್ಲ. ಅಮೆರಿಕದೊಳಗೇ ಇದ್ದು ಎಫ್-1ರಿಂದ ಎಚ್-1ಬಿಗೆ ಸ್ಟೇಟಸ್ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂದು ಮರುತಿಂಗಳು ವಲಸೆ ಅರ್ಜಿಗಳನ್ನು ನೋಡುವ ಇಲಾಖೆಯಾದ ಯುಎಸ್‌ಸಿಐಎಸ್ ತಿಳಿಸಿತು. ಅರ್ಜಿ ಇತ್ಯರ್ಥವಾಗುವ ಮೊದಲು ಮದುವೆಗೋ ಹಬ್ಬಕ್ಕೋ ಬೆಂಗಳೂರಿಗೆ ಬಂದುಬಿಟ್ಟರೆ ಕಥೆಯೇ ಬೇರೆಯಾಗಬಹುದು. ನಿಯಮಗಳು ಬದಲಾಗುತ್ತಲೇ ಇರುವುದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ವಿಶ್ವವಿದ್ಯಾಲಯದ ಇಮಿಗ್ರೇಷನ್ ಕಚೇರಿಯನ್ನು ಕೇಳಿ.

ಮೊದಲ ಸಂಬಳ ಬಂದಾಗ ಪೇಸ್ಲಿಪ್ ನೋಡಿ. ಓಪಿಟಿಯಲ್ಲೂ ಎಫ್-1 ಸ್ಟೇಟಸ್ಸೇ ಇರುವುದರಿಂದ, ಅಮೆರಿಕಕ್ಕೆ ಬಂದ ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ಎಂದು 7.65% ಮುರಿಯಬಾರದು. ವಿದ್ಯಾರ್ಥಿಯಿಂದ ಸಿಬ್ಬಂದಿಯ ಪಟ್ಟಿಗೆ ಹೆಸರು ಸರಿದಾಗ ಪೇರೋಲ್‌ನವರು ಮುರಿದುಬಿಡುವುದುಂಟು.

ಸೂಪರ್‌ವೈಸರ್ ಆಗಿರುವ ಕನ್ನಡಿಗರಿಗೆ

ನಿಮ್ಮ ಕೈಕೆಳಗಿನ ವಿದ್ಯಾರ್ಥಿಗಳಿಗೆ ಖರ್ಚಿಲ್ಲದೆ ಮಾಡಬಹುದಾದದ್ದು ಬಹಳವಿದೆ. ಎಲ್ಲರಿಗೂ 'ಸ್ಟೂಡೆಂಟ್ ಅಸಿಸ್ಟೆಂಟ್' ಎಂಬ ಒಂದೇ ಹೆಸರಿದ್ದರೆ ಅದನ್ನು ಒಡೆದು ಮೂರು ಹಂತ ಮಾಡಿ, ಪ್ರತಿ ಹಂತಕ್ಕೂ ಕೆಲಸದ ವಿವರ ಬರೆದಿಡಿ. ವರ್ಷಕ್ಕೊಮ್ಮೆ ಪೂರ್ಣಾವಧಿ ಸಿಬ್ಬಂದಿಗೆ ಬಳಸುವ ನಮೂನೆಯಲ್ಲೇ ಮೌಲ್ಯಮಾಪನ ಕೊಡಿ. ಸಮಿತಿಯೆದುರು ಇಡಬಹುದಾದ ಕಾಗದ ಅವರಿಗೆ ಸಿಗುವುದು ಹಾಗೆ. ಪದವಿಗೆ ಎರಡು ಸೆಮಿಸ್ಟರ್ ಮುನ್ನ ನಿಮ್ಮ ಸಹೋದ್ಯೋಗಿಗಳನ್ನೇ ಸಮಿತಿಯಾಗಿ ಕೂರಿಸಿ ಒಂದು ಅಣಕು ಸಂದರ್ಶನ ಮಾಡಿ. ಹುದ್ದೆಯ ವಿವರ ಬರೆಯುವ ಅಧಿಕಾರ ನಿಮಗಿದ್ದರೆ ವಿದ್ಯಾರ್ಥಿ ಕೆಲಸವನ್ನೂ ಅನುಭವವೆಂದು ಪರಿಗಣಿಸಲಾಗುವುದು ಎಂಬ ಒಂದು ಸಾಲು ಸೇರಿಸಿ. ಆ ಸಾಲಿಲ್ಲದೆ ನಿಮ್ಮ ವಿದ್ಯಾರ್ಥಿಯನ್ನು ನಿಮ್ಮದೇ ಎಚ್‌ಆರ್ ಬಾಗಿಲಲ್ಲೇ ತಡೆಯಬಹುದು. ಆದರೆ ಒಬ್ಬ ಅಭ್ಯರ್ಥಿಯನ್ನು ಮನಸ್ಸಿನಲ್ಲಿಟ್ಟು ಜಾಹೀರಾತು ಬರೆಯಬೇಡಿ. ಅವರು ನಿಮ್ಮ ಊರಿನವರೇ ಆಗಿದ್ದರೆ ಸಮಿತಿಯಿಂದ ದೂರವಿರಿ.

ಊರಿಗೆ ಮರಳುವವರಿಗೆ

ಕರ್ನಾಟಕದಲ್ಲಿ ಈ ಅನುಭವಕ್ಕೆ ಬೆಲೆ ಇರುವುದು ಮುಖ್ಯವಾಗಿ ಖಾಸಗಿ ವಿಶ್ವವಿದ್ಯಾಲಯ, ಅಂತರರಾಷ್ಟ್ರೀಯ ಶಾಲೆ ಮತ್ತು ಎಲ್‌ಎಂಎಸ್ ಒದಗಿಸುವ ಕಂಪನಿಗಳಲ್ಲಿ. ಸರ್ಕಾರಿ ವಿಶ್ವವಿದ್ಯಾಲಯಗಳ ಖಾಯಂ ಹುದ್ದೆಗೆ ಅಧಿಸೂಚನೆ ಕಾಯಬೇಕು, ಅಲ್ಲಿ ಹೆಲ್ಪ್‌ಡೆಸ್ಕ್ ಗಂಟೆಗಳನ್ನು ಯಾರೂ ಎಣಿಸುವುದಿಲ್ಲ. ರೆಸ್ಯೂಮೆಯಲ್ಲಿ ಬ್ಯಾನರ್, ಪೀಪಲ್‌ಸಾಫ್ಟ್ ಎಂಬ ಹೆಸರುಗಳ ಜೊತೆ ಅವು ಮಾಡುವ ಕೆಲಸವನ್ನೂ ಬರೆಯಿರಿ: ಪ್ರವೇಶ, ಶುಲ್ಕ, ಪರೀಕ್ಷೆ, ಅಂಕಪಟ್ಟಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅದೇ ಕೆಲಸಕ್ಕೆ ಯುಯುಸಿಎಂಎಸ್ ಇದೆ, ಓದುವವರು ಅದಕ್ಕೆ ಹೋಲಿಸಿಕೊಳ್ಳುತ್ತಾರೆ. ಮೂಡಲ್ ಗೊತ್ತಿದ್ದರೆ ಅದನ್ನು ಕ್ಯಾನ್ವಾಸ್‌ಗಿಂತ ಮೇಲೆ ಹಾಕಿ. ಉಚಿತ ತಂತ್ರಾಂಶವಾದ್ದರಿಂದ ಇಲ್ಲಿನ ಕಾಲೇಜುಗಳಲ್ಲಿ ಅದನ್ನು ಬಲ್ಲವರು ಸಿಗುತ್ತಾರೆ. ನ್ಯಾಕ್ ಮಾನ್ಯತೆಗೆ ದತ್ತಾಂಶ ಒಟ್ಟುಮಾಡುವ ಐಕ್ಯೂಎಸಿ ಕಚೇರಿಗಳಿಗೆ, ಟಿಕೆಟ್ ದತ್ತಾಂಶದಿಂದ ತಿಂಗಳ ವರದಿ ಮಾಡಿದ್ದ ನಿಮ್ಮ ಆ ಅನುಭವವನ್ನೇ ಮುಂದಿಟ್ಟು ಕೇಳಬಹುದು.